ಹಾಸನದಿಂದ ಪ್ರೈಡ್‌ಗೆ: ನಡೆದು, ವೀಲ್‌ಚೇರಿನಲ್ಲಿ, ಸೈಕಲ್ ಮೇಲೆ

ಮೊದಲು ವಾಪಸ್ ಬರುವ ಬಸ್ಸನ್ನು ಗೊತ್ತು ಮಾಡಿಕೊಳ್ಳಿ. ಹೋಗುವ ಬಸ್ಸು ಆಮೇಲೆ.

ಉಲ್ಟಾ ಹೇಳ್ತಿದ್ದಾನೆ ಅನಿಸಬಹುದು. ಆದರೆ ಬೆಂಗಳೂರಿನ ಪ್ರೈಡ್, ಅಂದರೆ ನಮ್ಮಂಥ ಲೈಂಗಿಕ ಅಲ್ಪಸಂಖ್ಯಾತರ ಮೆರವಣಿಗೆ ಮುಗಿಸಿ, ರಾತ್ರಿ ಎಂಟಕ್ಕೆ ಟೌನ್‌ಹಾಲ್ ಎದುರು ಐದು ಜನ ನಿಂತು ‘ಈಗ ಏನ್ರೋ ಮಾಡೋದು’ ಅಂತ ಮುಖ ಮುಖ ನೋಡಿಕೊಂಡವರಲ್ಲಿ ನಾನೂ ಒಬ್ಬ. ಹಾಸನಕ್ಕೇನೋ ತೊಂದರೆ ಇಲ್ಲ. ಮಂಗಳೂರು, ಧರ್ಮಸ್ಥಳದ ಬಸ್ಸುಗಳು ರಾತ್ರಿಯೆಲ್ಲ ನಮ್ಮೂರಿನ ಮೇಲೇ ಹೋಗುತ್ತವೆ. ನಮ್ಮ ಜೊತೆಗಿದ್ದ ಅಕ್ಕ ಚಿಕ್ಕಮಗಳೂರಿನವರು, ವೀಲ್‌ಚೇರಿನಲ್ಲಿ ಓಡಾಡುವವರು. ಹಾಸನದಲ್ಲಿ ನಡುರಾತ್ರಿ ಇಳಿದ ಮೇಲೆ ಬೇಲೂರು ದಾಟಿ ಇನ್ನೂ ಅರವತ್ತು ಕಿಲೋಮೀಟರ್ ಹೋಗಬೇಕು. ಅದನ್ನು ನಾವ್ಯಾರೂ ಯೋಚಿಸಿಯೇ ಇರಲಿಲ್ಲ. ಅವತ್ತು ರಾತ್ರಿ ಅವರು ನನ್ನ ಅಂಗಡಿ ಹಿಂದಿನ ರೂಮಿನಲ್ಲಿ ಟಯರ್ ವಾಸನೆ ಕುಡಿದುಕೊಂಡು ಮಲಗಿದರು. ಈಗಲೂ ಸಿಕ್ಕಾಗ ಹೇಳಿ ನಗುತ್ತಾರೆ.

ನಂದು ಹಾಸನದಲ್ಲಿ ಸೈಕಲ್ ರಿಪೇರಿ ಅಂಗಡಿ. ನಾನು ಗೇ. ಅಂಗಡಿಗೆ ಬರುವ ಅರ್ಧ ಜನಕ್ಕೆ ಗೊತ್ತು, ಉಳಿದರ್ಧಕ್ಕೆ ಗೊತ್ತಿದ್ದೂ ಗೊತ್ತಿಲ್ಲ. ಪ್ರೈಡ್‌ಗೆ ಬಸ್ಸಿನಲ್ಲಿ ಹೋಗಿದ್ದೇನೆ, ರೈಲಿನಲ್ಲಿ ಹೋಗಿದ್ದೇನೆ, ಒಮ್ಮೆ ಸೈಕಲ್ ತುಳಿದುಕೊಂಡೂ ಹೋಗಿದ್ದೇನೆ. ಹೋದಾಗಲೆಲ್ಲ ಒಂದೇ ಪಾಠ. ಗುಂಪಿನಲ್ಲಿ ಯಾರು ಎಲ್ಲರಿಗಿಂತ ನಿಧಾನವೋ, ಯಾರ ಊರು ಎಲ್ಲರಿಗಿಂತ ದೂರವೋ, ಅವರ ಲೆಕ್ಕದಲ್ಲಿ ಪ್ಲಾನ್ ಮಾಡಬೇಕು. ಗಟ್ಟಿಮುಟ್ಟಾಗಿರುವವರು ಹೇಗೋ ಬಂದು ಸೇರುತ್ತಾರೆ.

ದಿನ ಮತ್ತು ದಾರಿ

ಜೂನ್ ಬಂತೆಂದರೆ ಮೊಬೈಲಿನಲ್ಲೆಲ್ಲ ಕಾಮನಬಿಲ್ಲು ಕಾಣಿಸುತ್ತದೆ. 1969ರ ಜೂನ್ 28ರಂದು ನ್ಯೂಯಾರ್ಕಿನಲ್ಲಿ ಗೇ ಜನ ಸೇರುತ್ತಿದ್ದ ಸ್ಟೋನ್‌ವಾಲ್ ಬಾರಿನ ಮೇಲೆ ಪೊಲೀಸರು ದಾಳಿ ಮಾಡಿದಾಗ ಅಲ್ಲಿದ್ದವರು ತಿರುಗಿಬಿದ್ದರು. ಅದರ ನೆನಪಿಗೆ ಜೂನ್ ತಿಂಗಳು. ನಮ್ಮಲ್ಲಿ ಮೊದಲ ನಡಿಗೆ ನಡೆದದ್ದು ಕೋಲ್ಕತ್ತಾದಲ್ಲಿ, 1999ರ ಜುಲೈ 2ರಂದು, ಹದಿನೈದೇ ಜನ. ಬೆಂಗಳೂರಿನ ಮೊದಲ ಮೆರವಣಿಗೆ 2008ರ ಜೂನ್ 29ರಂದು, ಅದೇ ದಿನ ದೆಹಲಿಯಲ್ಲೂ ಆಯಿತು. ಆಮೇಲೆ ಬೆಂಗಳೂರಿನದು ಚಳಿಗಾಲಕ್ಕೆ ಹೋಯಿತು. ಈಗ ಸಾಮಾನ್ಯವಾಗಿ ನವೆಂಬರ್ ಕೊನೆಯ ಹೊತ್ತಿಗೆ, ಭಾನುವಾರ ನಡೆಯುತ್ತದೆ. ಹಾಗಾಗಿ ಜೂನ್‌ನಲ್ಲಿ ಬ್ಯಾಗ್ ಕಟ್ಟಿಕೊಂಡು ಮೆಜೆಸ್ಟಿಕ್‌ನಲ್ಲಿ ಇಳಿಯಬೇಡಿ. ನಗಬೇಡಿ, ನನಗೆ ಗೊತ್ತಿರುವ ಹುಡುಗನೊಬ್ಬ ಇಳಿದಿದ್ದಾನೆ.

ನಮಗೆ ನವೆಂಬರ್ ಒಳ್ಳೆಯದೇ. ಬಿಸಿಲು ಕಡಿಮೆ. ಆದರೆ ತಮಿಳುನಾಡಿನ ಕಡೆ ಚಂಡಮಾರುತ ಎದ್ದರೆ ಬೆಂಗಳೂರಿನಲ್ಲಿ ಜಿಟಿಜಿಟಿ ಮಳೆ. ತೆಳುವಾದ ಪ್ಲಾಸ್ಟಿಕ್ ಕೋಟು ಇಟ್ಟುಕೊಳ್ಳಿ. ಛತ್ರಿ ಬೇಡ, ಗುಂಪಿನಲ್ಲಿ ಪಕ್ಕದವರ ಕಣ್ಣಿಗೇ ಅದರ ಕಡ್ಡಿ.

ದಾರಿ ಪ್ರತಿ ವರ್ಷ ಒಂದೇ ಇರುವುದಿಲ್ಲ. ಎಷ್ಟೋ ವರ್ಷ ಮೆಜೆಸ್ಟಿಕ್ ಹತ್ತಿರದ ತುಳಸಿತೋಟದಿಂದ ಹೊರಟು ಟೌನ್‌ಹಾಲ್‌ಗೆ ಬಂದು ಮುಗಿಯುತ್ತಿತ್ತು. ಹಳೇ ವರ್ಷದ ದಾರಿ ನಂಬಿಕೊಂಡು ಹೋಗಬೇಡಿ. ಆಯೋಜಕರು ಆ ವರ್ಷ ಏನು ಹೇಳಿದ್ದಾರೋ ಅದನ್ನೇ ನೋಡಿ, ಹೊರಡುವ ಹಿಂದಿನ ದಿನ ಇನ್ನೊಮ್ಮೆ ನೋಡಿ. ಆಮೇಲೆ ಅವರಿಗೆ ಮೆಸೇಜ್ ಮಾಡಿ ಇಷ್ಟು ಕೇಳಿ: ಮೆರವಣಿಗೆ ಎಷ್ಟು ದೂರ, ನಡೆಯಲಾಗದವರಿಗೆ ಗಾಡಿ ಇದೆಯಾ, ದಾರಿಯಲ್ಲಿ ಟಾಯ್ಲೆಟ್ ಎಲ್ಲಿ, ಕೊನೆಯ ಜಾಗಕ್ಕೆ ಮೆಟ್ಟಿಲಿದೆಯಾ ರ‍್ಯಾಂಪ್ ಇದೆಯಾ, ಭಾಷಣಕ್ಕೆ ಸನ್ನೆ ಭಾಷೆಯವರು ಇರುತ್ತಾರಾ. ಕೇಳೋಕೆ ಸಂಕೋಚ ಬೇಡ. ಮೊದಲೇ ನಾಲ್ಕು ಜನ ಕೇಳಿದರೆ ವ್ಯವಸ್ಥೆ ಮಾಡುವವರಿಗೂ ಅನುಕೂಲ. ಟೌನ್‌ಹಾಲ್ ನೋಡಿದ್ದೀರಲ್ವಾ, ದೊಡ್ಡ ಕಂಬಗಳ ಮುಂದೆ ಉದ್ದಕ್ಕೂ ಮೆಟ್ಟಿಲು. ಎಲ್ಲರೂ ಅದರ ಮೇಲೆ ನಿಂತು ಫೋಟೊ ತೆಗೆಸಿಕೊಳ್ಳುವಾಗ ವೀಲ್‌ಚೇರಿನವರು ಕೆಳಗೆ ಒಬ್ಬರೇ ಉಳಿಯುತ್ತಾರೆ. ಮೊದಲ ವರ್ಷ ನಮಗೂ ಹಾಗೇ ಆಯಿತು. ಮರುವರ್ಷದಿಂದ ನಾವು ಮೆಟ್ಟಿಲು ಹತ್ತುವುದಿಲ್ಲ, ಕೆಳಗೇ ಫೋಟೊ.

ಬಸ್ಸೋ ರೈಲೋ

ಹಾಸನದಿಂದ ಬೆಂಗಳೂರು ರಸ್ತೆಯಲ್ಲಿ ಸುಮಾರು 185 ಕಿಲೋಮೀಟರ್. ಚಿಕ್ಕಮಗಳೂರಿನಿಂದ 245ರ ಹತ್ತಿರ.

ಬಸ್ಸಿನ ವಿಷಯದಲ್ಲಿ ಎರಡು ಮಾತು ತಿಳಿದಿರಲಿ. ಉಚಿತ ಬಸ್ಸಿನ ಶಕ್ತಿ ಯೋಜನೆ 2023ರ ಜೂನ್ 11ರಂದು ಶುರುವಾಯಿತಲ್ಲ, ಅದರಲ್ಲಿ ಹೆಂಗಸರ ಜೊತೆ ಟ್ರಾನ್ಸ್‌ಜೆಂಡರ್ ಜನರೂ ಸೇರಿದ್ದಾರೆ. ಇದು ಎಷ್ಟೋ ಜನಕ್ಕೆ ಗೊತ್ತೇ ಇಲ್ಲ. ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ಬೇಕು. ಸಾಮಾನ್ಯ ಸಾರಿಗೆ, ಎಕ್ಸ್‌ಪ್ರೆಸ್ ಬಸ್ಸಿಗೆ ಮಾತ್ರ, ರಾಜಹಂಸಕ್ಕೆ, ಸ್ಲೀಪರ್‌ಗೆ, ಏಸಿ ಬಸ್ಸಿಗೆ ಇಲ್ಲ. ಕಂಡಕ್ಟರ್ ಕೈಯಿಂದ ಶೂನ್ಯ ಟಿಕೆಟ್ ಇಸ್ಕೊಳ್ಳೋದು ಮರೆಯಬೇಡಿ. ಕಾರ್ಡಿನಲ್ಲಿ ‘ಪುರುಷ’ ಅಂತಿದ್ದು ಸೀರೆಯಲ್ಲಿ ಕೂತಿದ್ದರೆ ಪ್ರಶ್ನೆ ಬರುತ್ತದೆ. 2019ರ ಟ್ರಾನ್ಸ್‌ಜೆಂಡರ್ ಕಾಯ್ದೆಯ ಪ್ರಕಾರ ಜಿಲ್ಲಾಧಿಕಾರಿಗಳಿಂದ ಸಿಗುವ ಗುರುತಿನ ಚೀಟಿ ಮಾಡಿಸಿಟ್ಟುಕೊಂಡರೆ ಆ ತಲೆನೋವು ಇಲ್ಲ. ಅರ್ಜಿ ಆನ್‌ಲೈನಿನಲ್ಲೇ ಹಾಕಬಹುದು. ಪ್ರೈಡ್ ಹತ್ತಿರ ಬಂದಾಗ ಅಲ್ಲ, ಈಗಲೇ ಹಾಕಿ.

ಎರಡನೆಯದು, ಅಂಗವಿಕಲರ ರಿಯಾಯಿತಿ ಬಸ್ ಪಾಸ್. ಅದು ನಿಮ್ಮೂರಿನಿಂದ 100 ಕಿಲೋಮೀಟರಿನ ಒಳಗೆ ಮಾತ್ರ. ಹಾಸನದಿಂದ ಹೊರಟರೆ ಕುಣಿಗಲ್ ಬರುವ ಮೊದಲೇ ಪಾಸಿನ ದೂರ ಮುಗಿಯುತ್ತದೆ. ಹೆಂಗಸರಾದರೆ ಶಕ್ತಿ ಇದೆ. ಗಂಡಸರಾದರೆ ಮುಂದಿನ ದುಡ್ಡು ಜೇಬಿನಲ್ಲಿರಲಿ.

ವೀಲ್‌ಚೇರ್ ಇದ್ದರೆ ನಾನಂತೂ ರೈಲು ಅನ್ನುತ್ತೇನೆ. ನಮ್ಮ ಕೆಂಪು ಬಸ್ಸಿನ ಮೆಟ್ಟಿಲು ಎತ್ತರ, ಬಾಗಿಲು ಕಿರಿದು. ಕೂತವರನ್ನು ಮಗು ಥರ ಎತ್ತಿಕೊಂಡೇ ಹತ್ತಿಸಬೇಕು. ಅದು ಎಲ್ಲರಿಗೂ ಇಷ್ಟವಾಗುವ ವಿಷಯ ಅಲ್ಲ. ಹಾಸನದಿಂದ ಶ್ರವಣಬೆಳಗೊಳದ ಮೇಲೆ ಬೆಂಗಳೂರಿಗೆ 2017ರಿಂದ ನೇರ ಹಳಿ ಇದೆ. ಚಿಕ್ಕಮಗಳೂರಿನವರಿಗೆ ಕಡೂರು, ಅರಸೀಕೆರೆ, ತುಮಕೂರು ಮೇಲೆ ಯಶವಂತಪುರಕ್ಕೆ ರೈಲಿದೆ. ಚಿಕ್ಕಮಗಳೂರಿನ ಸ್ಟೇಷನ್ ಬಸ್ ಸ್ಟ್ಯಾಂಡಿನಿಂದ ದೂರ, ಆಟೊದವರಿಗೆ ಮೊದಲೇ ಹೇಳಿಡಿ. ಮಡಿಚಿದ ವೀಲ್‌ಚೇರ್ ಆಟೊದ ಹಿಂದಿನ ಸೀಟಿನಲ್ಲೇ ಅಡ್ಡ ಕೂರುತ್ತದೆ, ಜೊತೆಗೆ ಇಬ್ಬರಿಗೆ ಮಾತ್ರ ಜಾಗ.

ಎಕ್ಸ್‌ಪ್ರೆಸ್ ರೈಲುಗಳಲ್ಲಿ ಅಂಗವಿಕಲರಿಗೆ ಬೇರೆ ಬೋಗಿ ಇರುತ್ತದೆ, ಸಾಮಾನ್ಯವಾಗಿ ರೈಲಿನ ತುದಿಯಲ್ಲಿ. ಬಾಗಿಲು ಅಗಲ, ಒಳಗಿನ ಟಾಯ್ಲೆಟ್ಟೂ ದೊಡ್ಡದು. ಯಾವ ತುದಿ ಅಂತ ಮೊದಲೇ ಕೇಳಿಕೊಳ್ಳಿ. ರೈಲು ಬಂದ ಮೇಲೆ ಪ್ಲಾಟ್‌ಫಾರ್ಮಿನ ಈ ಕಡೆಯಿಂದ ಆ ಕಡೆಗೆ ವೀಲ್‌ಚೇರ್ ತಳ್ಳಿಕೊಂಡು ಓಡೋದು ಯಾರಿಗೂ ಬೇಡ. ಹಿಂದಿನ ದಿನವೇ ಸ್ಟೇಷನ್ ಮಾಸ್ಟರನ್ನು ಕಂಡು ರ‍್ಯಾಂಪ್ ಕೇಳಿ. ರೈಲ್ವೆಯ ರಿಯಾಯಿತಿ ಕಾರ್ಡ್ ಇದ್ದರೆ, ಒಬ್ಬರೇ ಓಡಾಡಲು ಆಗದವರಿಗೂ ಅವರ ಜೊತೆ ಬರುವ ಒಬ್ಬರಿಗೂ ಸೆಕೆಂಡ್ ಕ್ಲಾಸ್, ಸ್ಲೀಪರ್‌ನಲ್ಲಿ ಶೇಕಡಾ 75 ಕಡಿತ. ಈ ಕಾರ್ಡನ್ನು ಬೇರೆ ಮಾಡಿಸಬೇಕು.

ಯಶವಂತಪುರದಲ್ಲಿ ಇಳಿದರೆ ಹತ್ತಿರದಲ್ಲೇ ಮೆಟ್ರೊ, ಹಸಿರು ಮಾರ್ಗ. ಮೆಟ್ರೊದಲ್ಲಿ ಲಿಫ್ಟ್ ಇದೆ, ಅಗಲದ ಗೇಟ್ ಇದೆ, ಬೋಗಿಯೊಳಗೆ ವೀಲ್‌ಚೇರ್ ನಿಲ್ಲಿಸುವ ಜಾಗ ಇದೆ. ಗೇಟಿನ ಹತ್ತಿರದ ಸಿಬ್ಬಂದಿಗೆ ಇಳಿಯುವ ನಿಲ್ದಾಣ ಹೇಳಿ, ಅಲ್ಲಿಗೆ ಫೋನ್ ಮಾಡಿ ತಿಳಿಸಲು ಕೇಳಿ. ಟೌನ್‌ಹಾಲ್ ಕಡೆಗಾದರೆ ಕೆ.ಆರ್. ಮಾರ್ಕೆಟ್ ನಿಲ್ದಾಣ ಹತ್ತಿರ, ಒಂದು ಕಿಲೋಮೀಟರಿನ ಒಳಗೆ. ಆದರೆ ಮಾರ್ಕೆಟ್ ರಸ್ತೆ ಗೊತ್ತಲ್ಲ. ಹೂವಿನ ಮೂಟೆ, ತಳ್ಳುಗಾಡಿ, ಫುಟ್‌ಪಾತ್ ಮೇಲೆ ಸೊಪ್ಪಿನ ರಾಶಿ. ಅಷ್ಟಕ್ಕೇ ಅರ್ಧ ಗಂಟೆ ಇಟ್ಟುಕೊಳ್ಳಿ. ಮೆಟ್ರೊ ನಿಲ್ದಾಣ ಬಿಡುವ ಮುಂಚೆ ಅಲ್ಲೇ ಟಾಯ್ಲೆಟ್‌ಗೆ ಹೋಗಿ ಬನ್ನಿ. ಮುಂದೆ ಅಂಥದ್ದು ಸಿಗೋದು ಕಷ್ಟ.

ವೀಲ್‌ಚೇರ್: ಹೊರಡುವ ಮುಂಚೆ

ಇದು ನನ್ನ ಕಸುಬಿಗೆ ಹತ್ತಿರದ ವಿಷಯ, ಸ್ವಲ್ಪ ಜಾಸ್ತಿ ಹೇಳ್ತೀನಿ.

ವೀಲ್‌ಚೇರ್ ರಿಪೇರಿಗೆ ಅಂತ ನಮ್ಮೂರ ಕಡೆ ಬೇರೆ ಅಂಗಡಿ ಹುಡುಕಬೇಕಿಲ್ಲ. ಸೈಕಲ್ ಅಂಗಡಿಗೇ ತನ್ನಿ, ಒಂದು ವಾರ ಮುಂಚೆ. ದೊಡ್ಡ ಚಕ್ರ ಹೆಚ್ಚಾಗಿ 24 ಇಂಚಿನದು. ಗಾಳಿ ಟಯರ್ ಆಗಿದ್ದರೆ ಟಯರಿನ ಪಕ್ಕದಲ್ಲಿ ಬರೆದಿರುವ ಅಳತೆ ನೋಡಿ, ಅದೇ ಅಳತೆಯ ಟ್ಯೂಬ್ ಒಂದು ಚೀಲದಲ್ಲಿರಲಿ. ಗಾಳಿ ಕಡಿಮೆಯಿದ್ದರೆ ತಳ್ಳುವವರ ತೋಳಿಗೆ ನೋವು. ಅದಕ್ಕಿಂತ ಮುಖ್ಯ, ಬ್ರೇಕು ಹಿಡಿಯುವುದಿಲ್ಲ. ಈ ಬ್ರೇಕ್ ಟಯರನ್ನೇ ಒತ್ತಿ ನಿಲ್ಲಿಸುವಂಥದ್ದು. ಟಯರ್ ಮೆತ್ತಗಾದರೆ ಒತ್ತೋದಕ್ಕೆ ಏನಿದೆ?

ಮುಂದಿನ ಚಿಕ್ಕ ಚಕ್ರ ನೋಡಿ. ಎಲ್ಲ ತೊಂದರೆ ಶುರುವಾಗುವುದು ಅಲ್ಲಿಂದ. ಅಕ್ಕನ ಕುರ್ಚಿಯ ಎಡಗಡೆ ಚಿಕ್ಕ ಚಕ್ರ ತಿರುಗುವಾಗ ಕಿರ್ ಅನ್ನುತ್ತಿತ್ತು. ಬಿಚ್ಚಿ ನೋಡಿದರೆ ಆಕ್ಸಲ್ಲಿಗೆ ಉದ್ದ ಕೂದಲು, ಸೀರೆಯ ಜರಿ ಎಳೆ, ಕಾಫಿ ಕಣದ ಗೋಣಿ ನಾರು ಎಲ್ಲ ಹಗ್ಗ ಹೊಸೆದ ಹಾಗೆ ಸುತ್ತಿಕೊಂಡಿತ್ತು. ಬ್ಲೇಡಿನಲ್ಲಿ ಕುಯ್ದು ತೆಗೆದು, ಸೀಮೆಎಣ್ಣೆಯಲ್ಲಿ ತೊಳೆದು, ಗ್ರೀಸ್ ಹಾಕಿದೆ. ಹತ್ತು ನಿಮಿಷದ ಕೆಲಸ. ಅವರು ಒಂದು ಸುತ್ತು ಹೊಡೆದು ಬಂದು, ‘ಎರಡು ವರ್ಷದಿಂದ ನನ್ನ ಭುಜವೇ ಸರಿ ಇಲ್ಲ ಅಂದ್ಕೊಂಡಿದ್ನಲ್ಲೋ’ ಅಂದರು.

ಆಮೇಲೆ ಕಾಲಿಡುವ ಪಟ್ಟಿಯ ಬೋಲ್ಟ್, ಕೈಹಿಡಿ, ಸೀಟಿನ ಬಟ್ಟೆಯ ಹೊಲಿಗೆ ನೋಡಿ. ಚೀಲದಲ್ಲಿ ಸ್ಪ್ಯಾನರ್, ಚಿಕ್ಕ ಪಂಪು, ಅಂಟು ಟೇಪು. ತಾವೇ ಚಕ್ರ ತಿರುಗಿಸುವವರು ಅಂಗೈಗೆ ಗ್ಲೌಸ್ ಹಾಕಿಕೊಳ್ಳಲಿ. ಬ್ಯಾಟರಿ ಕುರ್ಚಿಯಾದರೆ ಹಿಂದಿನ ರಾತ್ರಿ ಪೂರ್ತಿ ಚಾರ್ಜ್, ಜೊತೆಗೆ ಚಾರ್ಜರ್. ಅದರ ತೂಕಕ್ಕೆ ಎಷ್ಟು ಜನ ಬೇಕು ಅನ್ನೋದನ್ನೂ ಮನೆಯಲ್ಲೇ ಎತ್ತಿ ನೋಡಿ.

ಒಂದು ದಿನ ಊರಿನಲ್ಲೇ ರಿಹರ್ಸಲ್ ಮಾಡಿ. ನಾವು ಮಹಾರಾಜ ಪಾರ್ಕಿನಲ್ಲಿ ಸುತ್ತು ಹೊಡೆದು, ಅಲ್ಲಿಂದ ಬಿ.ಎಂ. ರಸ್ತೆಗೆ ಬಂದೆವು. ಪಾರ್ಕಿನೊಳಗೆ ಎಲ್ಲರೂ ಶೂರರು. ರಸ್ತೆಯಲ್ಲಿ ಮೊದಲ ಚರಂಡಿ ಜಾಲರಿ ಬಂದಾಗ ಚಿಕ್ಕ ಚಕ್ರ ಕಂಬಿಗಳ ನಡುವೆ ಇಳಿದು, ಕುರ್ಚಿ ಗಕ್ಕನೆ ನಿಂತು, ಅಕ್ಕ ಮುಂದಕ್ಕೆ ಜಾರಿದರು. ಬೆಲ್ಟ್ ಹಾಕಿದ್ದರಿಂದ ಬಚಾವ್. ತಪ್ಪು ತಳ್ಳುತ್ತಿದ್ದ ನನ್ನದೇ. ಜಾಲರಿ, ರೈಲ್ವೆ ಹಳಿ ದಾಟುವಾಗ ಕುರ್ಚಿಯನ್ನು ಸ್ವಲ್ಪ ಹಿಂದಕ್ಕೆ ವಾಲಿಸಿ, ಚಿಕ್ಕ ಚಕ್ರ ಎತ್ತಿ, ಹಿಂದಿನ ದೊಡ್ಡ ಚಕ್ರದ ಮೇಲೆ ದಾಟಿಸಬೇಕು. ಇಲ್ಲ ಕುರ್ಚಿಯನ್ನು ತಿರುಗಿಸಿ ಹಿಂದು ಹಿಂದಾಗಿ ಎಳೆದುಕೊಳ್ಳಬೇಕು. ಹಳಿಯನ್ನು ನೇರಕ್ಕೇ ದಾಟಬೇಕು, ಓರೆಯಾಗಿ ಹೋದರೆ ಚಕ್ರ ಸಿಕ್ಕಿಹಾಕಿಕೊಳ್ಳುತ್ತದೆ.

ತಳ್ಳುವವರಿಗೆ ಇನ್ನೂ ನಾಲ್ಕು ಮಾತು:

- ಕೇಳದೆ ಕುರ್ಚಿ ಮುಟ್ಟಬೇಡಿ. ಅದು ಅವರ ಮೈ ಇದ್ದ ಹಾಗೆ. ‘ತಳ್ಳಲಾ ಅಕ್ಕ?’ ಅಂತ ಕೇಳಿ. ಬೇಡ ಅಂದರೆ ಬೇಡ.
- ಫುಟ್‌ಪಾತ್ ಹತ್ತಿಸುವಾಗ ಹಿಂದೆ ಕೆಳಗಿರುವ ಕಡ್ಡಿಯನ್ನು ಕಾಲಿನಿಂದ ಒತ್ತಿ. ಮುಂದಿನ ಚಕ್ರ ತಾನೇ ಏಳುತ್ತದೆ. ಇಳಿಸುವಾಗ ಕುರ್ಚಿಯ ಬೆನ್ನು ಇಳಿಜಾರಿನ ಕಡೆಗಿರಲಿ, ನೀವು ಕೆಳಗೆ.
- ಎತ್ತಲೇಬೇಕಾದರೆ ಕೈಹಿಡಿಯನ್ನೋ ಕಾಲುಪಟ್ಟಿಯನ್ನೋ ಹಿಡಿದು ಎತ್ತಬೇಡಿ. ಎಷ್ಟೋ ಕುರ್ಚಿಗಳಲ್ಲಿ ಅವು ಕಳಚಿಕೊಂಡು ಬರುತ್ತವೆ. ಕಬ್ಬಿಣದ ಚೌಕಟ್ಟನ್ನೇ ಹಿಡಿಯಿರಿ. ‘ಒಂದು ಎರಡು ಮೂರು’ ಹೇಳಬೇಕಾದ್ದು ಕೂತವರು, ನೀವಲ್ಲ.
- ನಿಲ್ಲಿಸಿದಾಗಲೆಲ್ಲ ಬ್ರೇಕ್. ಸೆಲ್ಫಿಗೂ ಮುಂಚೆ ಬ್ರೇಕ್.

ಬೆನ್ನುಹುರಿ ಪೆಟ್ಟಾದವರಿಗೆ ಒಂದೇ ಸಮ ಕೂತರೆ ಹುಣ್ಣಾಗುವ ಭಯ. ಒಳ್ಳೆಯ ದಿಂಬು ಬೇಕು, ಅರ್ಧ ಗಂಟೆಗೊಮ್ಮೆಯಾದರೂ ಮೈ ಎತ್ತಿ ಭಾರ ಬದಲಿಸಬೇಕು. ತಮಟೆ ಬಡಿತದಲ್ಲಿ ಇದು ಮರೆತೇ ಹೋಗುತ್ತದೆ. ಮೊಬೈಲಿನಲ್ಲಿ ಅಲಾರಂ ಇಟ್ಟರೂ ಸದ್ದು ಕೇಳಿಸುವುದಿಲ್ಲ, ವೈಬ್ರೇಟ್ ಇಟ್ಟು ಜೇಬಿನಲ್ಲಿ ಹಾಕಿಕೊಳ್ಳಿ. ಟಾಯ್ಲೆಟ್ ಸಿಗಲ್ಲ ಅಂತ ನೀರು ಕುಡಿಯದೇ ಇರುವವರಿದ್ದಾರೆ. ಬೇಡ. ಎಲ್ಲಿ ಟಾಯ್ಲೆಟ್ ಇದೆ ಅಂತ ನೋಡಿಕೊಂಡು ಬರಲು ಗುಂಪಿನ ಒಬ್ಬರನ್ನು ಮುಂದೆ ಕಳಿಸಿ. ಗುಂಪು ಅಂತ ಇರೋದು ಇನ್ಯಾಕೆ?

ಉಳಿದುಕೊಳ್ಳುವ ಪ್ಲಾನ್ ಇದ್ದರೆ ಲಾಡ್ಜಿನವರಿಗೆ ‘ಲಿಫ್ಟ್ ಇದೆಯಾ’ ಅಂತ ಕೇಳಿದರೆ ಸಾಲದು. ‘ಲಿಫ್ಟ್ ಓಡ್ತಿದೆಯಾ, ಬಾತ್‌ರೂಮ್ ಬಾಗಿಲು ಎಷ್ಟು ಅಗಲ’ ಅಂತ ಕೇಳಿ, ಟೇಪ್ ಇಟ್ಟು ಫೋಟೊ ಕಳಿಸೋಕೆ ಹೇಳಿ. ನಮಗೆ ಒಮ್ಮೆ ಲಿಫ್ಟಿನ ಮೇಲೆ ‘ರಿಪೇರಿಯಲ್ಲಿದೆ’ ಅನ್ನೋ ಬೋರ್ಡು ಸ್ವಾಗತ ಮಾಡಿತು. ರೂಮು ಮೂರನೇ ಮಹಡಿ.

ಮೆರವಣಿಗೆಯಲ್ಲಿ ವೀಲ್‌ಚೇರ್ ಎಲ್ಲಿರಬೇಕು? ಹಿಂದೆ ಬೇಡ. ಮುಂದಿನವರು ನಡೆದು ಹೋಗಿಬಿಡುತ್ತಾರೆ, ಹಿಂದಿನಿಂದ ಪೊಲೀಸ್ ಜೀಪು ಹಾರನ್ ಹೊಡೆಯುತ್ತದೆ. ನಡುವೆ ಇದ್ದರೆ ಸುತ್ತ ಬರೀ ಸೊಂಟಗಳೇ ಕಾಣುತ್ತವೆ, ಇದು ಅಕ್ಕನ ಮಾತು. ಮುಂದಿನ ಬ್ಯಾನರಿನ ಹಿಂದೆಯೇ ಇರಲಿ. ಆಗ ಇಡೀ ಮೆರವಣಿಗೆ ಅವರ ವೇಗಕ್ಕೆ ಬರುತ್ತದೆ.

ನಡೆಯುವವರು

‘ಎರಡು ಮೂರು ಕಿಲೋಮೀಟರ್ ತಾನೆ, ನಾವು ದೇವೀರಮ್ಮನ ಬೆಟ್ಟ ಬರಿಗಾಲಲ್ಲಿ ಹತ್ತುವವರು’ ಅಂತ ಚಿಕ್ಕಮಗಳೂರಿನ ಹುಡುಗರು ಎದೆ ತಟ್ಟಿಕೊಳ್ಳುತ್ತಾರೆ. ಬೆಟ್ಟ ಬೇರೆ, ಇದು ಬೇರೆ. ಇದು ಹಾಸನಾಂಬೆ ದರ್ಶನದ ಸಾಲಿನ ಥರ. ಹತ್ತು ಹೆಜ್ಜೆ ನಡೆ, ನಿಲ್ಲು, ಮತ್ತೆ ಹತ್ತು ಹೆಜ್ಜೆ. ಆ ಸಾಲಿನಲ್ಲಿ ನಿಂತವರಿಗೆ ಗೊತ್ತು, ನಡೆಯೋದಕ್ಕಿಂತ ನಿಲ್ಲೋದಕ್ಕೇ ಕಾಲು ಜಾಸ್ತಿ ನೋಯುತ್ತದೆ. ಸೇರುವ ಹೊತ್ತಿನಿಂದ ಭಾಷಣ ಮುಗಿಯುವವರೆಗೆ ನಾಲ್ಕೈದು ಗಂಟೆ ನಿಂತೇ ಇರುತ್ತೀರಿ.

ಶಿವರಾತ್ರಿಗೆ ಧರ್ಮಸ್ಥಳಕ್ಕೆ ಪಾದಯಾತ್ರೆ ಹೋಗುವವರು ನಮ್ಮ ರಸ್ತೆಯಲ್ಲೇ ಸಾಲುಸಾಲಾಗಿ ಹೋಗುತ್ತಾರಲ್ಲ, ಅವರು ಹೇಳುವುದೇ ಇಲ್ಲಿಗೂ ಸರಿ. ಹೊಸ ಚಪ್ಪಲಿ ಬೇಡ. ಬೆರಳ ಸಂದಿಗೆ, ಹಿಮ್ಮಡಿಗೆ ಕೊಬ್ಬರಿ ಎಣ್ಣೆ ಸವರಿ. ಹತ್ತಿಯ ಕಾಲುಚೀಲ ಎರಡು ಜೊತೆ. ಹೈ ಹೀಲ್ಸ್ ಹಾಕಲೇಬೇಕು ಅನ್ನುವವರು ಚೀಲದಲ್ಲಿ ಇಟ್ಟುಕೊಂಡು ಬನ್ನಿ, ಕೊನೆಯ ನೂರು ಅಡಿಗೆ ಹಾಕಿಕೊಳ್ಳಿ, ಫೋಟೊ ಅಲ್ಲೇ ತಾನೆ ತೆಗೆಯೋದು. ವಯಸ್ಸಾದವರು, ಮಂಡಿ ನೋವಿನವರು ಮಡಿಚುವ ಚಿಕ್ಕ ಸ್ಟೂಲ್ ತನ್ನಿ. ಇಲ್ಲವೇ ಅರ್ಧ ದಾರಿಯಲ್ಲಿ ಕಾದಿದ್ದು ಅಲ್ಲಿಂದ ಸೇರಿಕೊಳ್ಳಿ. ಪೂರ್ತಿ ನಡೆದರೇ ಲೆಕ್ಕ ಅಂತ ಯಾರೂ ಹಾಜರಿ ಹಾಕುವುದಿಲ್ಲ.

ಊಟಕ್ಕೆ ಚಪಾತಿ, ಚಟ್ನಿಪುಡಿ ಕಟ್ಟಿಕೊಳ್ಳಿ. ಚಿತ್ರಾನ್ನ ಮಧ್ಯಾಹ್ನಕ್ಕೆ ಮುಗಿಸಿಬಿಡಿ.

ಸೈಕಲ್

ಸೈಕಲ್ ಅಂಗಡಿಯವನೇ ಹೇಳ್ತಿದ್ದೀನಿ ಕೇಳಿ: ಮೆರವಣಿಗೆಯ ಒಳಗೆ ಸೈಕಲ್ ತರಬೇಡಿ. ಜನ ಒತ್ತಿಕೊಂಡು ನಡೆಯುವಾಗ ಪೆಡಲ್ ಪಕ್ಕದವರ ಮೊಣಕಾಲಿಗೆ ತಾಗುತ್ತದೆ, ದುಪಟ್ಟಾ ಚೈನಿಗೆ ಸಿಗುತ್ತದೆ, ವೀಲ್‌ಚೇರಿಗೆ ದಾರಿ ಇಲ್ಲದಂತಾಗುತ್ತದೆ. ನಾನು ಒಮ್ಮೆ ಹ್ಯಾಂಡಲ್ಲಿಗೆ ಬಾವುಟ ಕಟ್ಟಿಕೊಂಡು ಜಂಬದಿಂದ ತಂದಿದ್ದೆ. ಅರ್ಧ ಕಿಲೋಮೀಟರಿನಲ್ಲಿ ಆರು ಜನರ ಹತ್ತಿರ ಸಾರಿ ಕೇಳಿದ್ದೆ. ಹೊರಗೆ ಬೀಗ ಹಾಕಿ ನಿಲ್ಲಿಸಿ, ನಡೆಯಿರಿ. ಆಯೋಜಕರೇ ಸೈಕಲ್ ಸಾಲು ಬೇರೆ ಮಾಡಿದ್ದರೆ ಮಾತು ಬೇರೆ.

ಊರಿನಿಂದಲೇ ತುಳಿದುಕೊಂಡು ಹೋಗಬೇಕು ಅನ್ನುವವರಿಗೆ ಎರಡು ದಿನ ಬೇಕು. ಚಿಕ್ಕಮಗಳೂರಿನವರಿಗೆ ಮೂರು, ಮೊದಲ ದಿನ ಬೇಲೂರು ಮೇಲೆ ಹಾಸನ. ಹಾಸನದಿಂದ ರಾಷ್ಟ್ರೀಯ ಹೆದ್ದಾರಿ 75. ಚನ್ನರಾಯಪಟ್ಟಣ, ಹಿರೀಸಾವೆ, ಬೆಳ್ಳೂರು ಕ್ರಾಸ್, ಯಡಿಯೂರು, ಕುಣಿಗಲ್, ನೆಲಮಂಗಲ. ಬೆಳಗ್ಗೆ ಆರೂವರೆಗೆ ಬೆಳಕು ಹರಿದ ಮೇಲೆ ಹೊರಡಿ. ಚನ್ನರಾಯಪಟ್ಟಣದಲ್ಲಿ ತಿಂಡಿ. ಹೆಚ್ಚುಕಮ್ಮಿ ಅರ್ಧ ದಾರಿಗೆ ಯಡಿಯೂರು ಬರುತ್ತದೆ, ಸಿದ್ಧಲಿಂಗೇಶ್ವರನ ಸನ್ನಿಧಿ. ದಾಸೋಹದ ಊಟ ಇದೆ, ಉಳಿಯೋಕೂ ಜಾಗ ಸಿಗುತ್ತದೆ. ನವೆಂಬರ್‌ನಲ್ಲಿ ಗಾಳಿ ಪೂರ್ವದ ಕಡೆಯಿಂದ ಬೀಸುತ್ತದೆ, ಅಂದರೆ ನಿಮ್ಮ ಮುಖಕ್ಕೇ. ಇಡೀ ದಿನದ ಲೆಕ್ಕಕ್ಕೆ ಒಂದು ಗಂಟೆ ಸೇರಿಸಿಕೊಳ್ಳಿ.

ಈ ರಸ್ತೆಯಲ್ಲಿ ಮಂಗಳೂರು ಬಂದರಿನ ಲಾರಿಗಳು ಜಾಸ್ತಿ. ಸರ್ವಿಸ್ ರಸ್ತೆ ಇರುವಲ್ಲೆಲ್ಲ ಅದನ್ನೇ ಹಿಡಿಯಿರಿ. ಸಂಜೆ ಐದೂವರೆಯ ಮೇಲೆ ತುಳಿಯಬೇಡಿ. ಹಿಂದೆ ಕೆಂಪು ಲೈಟು, ಮೈಮೇಲೆ ಮಿನುಗುವ ಪಟ್ಟಿ, ತಲೆಗೆ ಹೆಲ್ಮೆಟ್. ಕಾಮನಬಿಲ್ಲಿನ ಬಾವುಟವನ್ನು ಹಿಂದಿನ ಚಕ್ರದ ಹತ್ತಿರ ಕಟ್ಟಬೇಡಿ, ಕಡ್ಡಿಗೆ ಸುತ್ತಿಕೊಂಡರೆ ಬೀಳುವವರು ನೀವೇ. ಚೀಲದಲ್ಲಿ ಎರಡು ಟ್ಯೂಬ್, ಪ್ಯಾಚು, ಸಲ್ಯೂಷನ್, ಪಂಪು, ಒಂದು ಬ್ರೇಕ್ ಕೇಬಲ್. ನೆಲಮಂಗಲದಿಂದ ಮುಂದೆ ತುಮಕೂರು ರಸ್ತೆ ಸೈಕಲ್‌ಗೆ ಕಷ್ಟ. ಅದನ್ನು ಭಾನುವಾರ ಬೆಳಗ್ಗೆ ಏಳರ ಒಳಗೆ ದಾಟುವ ಹಾಗೆ ನೋಡಿಕೊಳ್ಳಿ. ಅಂದರೆ ಶುಕ್ರವಾರ ಹೊರಟು ಶನಿವಾರ ರಾತ್ರಿ ನೆಲಮಂಗಲದಲ್ಲಿ ಉಳಿಯೋದು ವಾಸಿ.

ವಾಪಸ್ ತುಳಿಯುವ ಶಕ್ತಿ ಯಾರಿಗೂ ಉಳಿದಿರುವುದಿಲ್ಲ. ರೈಲಿನ ಪಾರ್ಸೆಲ್ ಆಫೀಸಿನಲ್ಲಿ ಸೈಕಲ್ ಬುಕ್ ಮಾಡಬಹುದು. ಹೆಸರು, ಇಳಿಯುವ ಸ್ಟೇಷನ್ ಬರೆದ ರಟ್ಟಿನ ಚೀಟಿಯನ್ನು ಫ್ರೇಮಿಗೆ ಗಟ್ಟಿಯಾಗಿ ಕಟ್ಟಿ. ಮಾಮೂಲಿ ಸೈಕಲನ್ನು ಮೆಟ್ರೊ ಒಳಗೆ ಬಿಡುವುದಿಲ್ಲ. ಮಡಿಚುವ ಸೈಕಲ್ ಆದರೆ ಕೊನೆಯ ಬೋಗಿಯಲ್ಲಿ ಬಿಡುತ್ತಾರೆ.

ಮನೆಗೆ ಏನು ಹೇಳೋದು

2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟು, ನಮ್ಮಂಥವರ ಸಂಬಂಧವನ್ನೇ ಅಪರಾಧ ಅನ್ನುತ್ತಿದ್ದ 377ನೇ ಕಲಮಿನ ಕಾಟ ತಪ್ಪಿಸಿತು. ಮನೆಯವರ ಕಾಟಕ್ಕೆ ಕೋರ್ಟಿಲ್ಲ. ‘ಬೆಂಗಳೂರಲ್ಲಿ ಫ್ರೆಂಡ್ ಮದುವೆ’ ಅಂತ ಹೇಳಿ ಬರುವವರೇ ಜಾಸ್ತಿ. ಹಾಗೆ ಬರುವವರಿಗೆ ಒಂದು ಎಚ್ಚರಿಕೆ. ಮೆರವಣಿಗೆಯಲ್ಲಿ ಪೇಪರಿನವರು, ಟೀವಿಯವರು ಇದ್ದೇ ಇರುತ್ತಾರೆ, ಸಾವಿರ ಮೊಬೈಲ್ ಬೇರೆ. ಮುಖ ಕಾಣಬಾರದು ಅಂದರೆ ಮಾಸ್ಕು ಅಥವಾ ಮುಖವಾಡ ಹಾಕಿಕೊಳ್ಳಿ. ಗುಂಪಿನವರು ನಿಮ್ಮನ್ನು ಕೇಳದೆ ಫೋಟೊ ಹಾಕಬಾರದು ಅಂತ ಬಸ್ ಹತ್ತುವ ಮುಂಚೆಯೇ ಮಾತಾಡಿಕೊಳ್ಳಿ. ಮೊಬೈಲಿನ ಲೊಕೇಷನ್ ಮನೆಯವರ ಜೊತೆ ಹಂಚಿಕೊಂಡಿದ್ದೀರಾ ನೋಡಿ. ಗುಂಪಿನಲ್ಲಿ ನಂಬಿಕೆಯ ಒಬ್ಬರಿಗೆ ಮನೆಯ ಒಂದು ನಂಬರ್ ಕೊಟ್ಟಿರಿ. ಏನಾದರೂ ಆದರೆ ಆ ಮದುವೆ ಕಥೆಯನ್ನೇ ಮುಂದುವರಿಸಿ ಮಾತಾಡುವಷ್ಟು ಬುದ್ಧಿ ಅವರಿಗಿರಬೇಕು.

ಬಣ್ಣದ ಬಟ್ಟೆ ಚೀಲದಲ್ಲಿರಲಿ, ಅಲ್ಲಿ ಹೋಗಿ ಹಾಕಿಕೊಳ್ಳಿ. ಬರುವಾಗ ಬದಲಾಯಿಸಲು ಸಮಯ ಬಿಡಿ. ಮುಖದ ಬಣ್ಣ ಒರೆಸೋಕೂ ಕೊಬ್ಬರಿ ಎಣ್ಣೆ ಬೇಕು. ನಮ್ಮ ಜೊತೆ ಬಂದಿದ್ದ ಡಿಗ್ರಿ ಹುಡುಗ ವಾಪಸ್ ಬರುವಾಗ ಬಸ್ಸಿನ ಕಿಟಕಿ ಗಾಜಿನಲ್ಲಿ ಮುಖ ನೋಡಿಕೊಂಡು ಕಾಡಿಗೆ ಒರೆಸುತ್ತಿದ್ದ. ಕುಣಿಗಲ್‌ವರೆಗೆ ಕಾಡಿಗೆ ಹೋಯಿತು. ಉಗುರು ಬಣ್ಣ ಚನ್ನರಾಯಪಟ್ಟಣದವರೆಗೆ. ಕೆನ್ನೆಯ ಮೇಲಿನ ಮಿಂಚು ಪುಡಿ ಮಾತ್ರ ಹೋಗಲೇ ಇಲ್ಲ. ಕೊನೆಗೆ ಅಕ್ಕ, ‘ಬಿಡೋ ತಮ್ಮಾ, ಮದುವೇಲಿ ಆರತಿ ತಟ್ಟೆ ಹಿಡಿದಿದ್ದೆ, ಅದರದ್ದು ಅನ್ನು’ ಅಂದರು. ಉಗುರು ಬಣ್ಣ ತೆಗೆಯುವ ಚಿಕ್ಕ ಬಾಟಲಿ, ಹತ್ತಿ, ಹಳೇ ಟವೆಲ್ ತನ್ನಿ. ಮಿಂಚು ಪುಡಿ ಹಚ್ಚಿಕೊಳ್ಳುವುದಾದರೆ ಯೋಚಿಸಿ ಹಚ್ಚಿಕೊಳ್ಳಿ.

ಸೋಮವಾರ

ಬಂದ ಮಾರನೇ ದಿನ ಕುರ್ಚಿ, ಸೈಕಲ್ ಎರಡನ್ನೂ ಒಮ್ಮೆ ನೋಡಿ. ಬೆಂಗಳೂರಿನ ರಸ್ತೆಯ ಮೊಳೆ, ಗಾಜು ಟಯರಿನಲ್ಲಿ ಕೂತಿರುತ್ತದೆ, ಎರಡು ದಿನ ಬಿಟ್ಟು ಪಂಕ್ಚರ್ ಆಗುತ್ತದೆ. ಟಯರಿನ ಮೇಲೆ ನಿಧಾನಕ್ಕೆ ಬಟ್ಟೆ ಎಳೆಯಿರಿ, ಚೂರಿದ್ದರೆ ಬಟ್ಟೆ ಹಿಡಿಯುತ್ತದೆ. ಮಳೆ ಬಂದಿದ್ದರೆ ಚೈನಿಗೆ, ಬೇರಿಂಗಿಗೆ ಎಣ್ಣೆ. ಕುರ್ಚಿಯ ಚಿಕ್ಕ ಚಕ್ರವನ್ನು ಮತ್ತೆ ಬಿಚ್ಚಿ ನೋಡಿ. ಹೋದ ಸಲ ಅಕ್ಕನದನ್ನು ಬಿಚ್ಚಿದಾಗ ಆಕ್ಸಲ್ಲಿಗೆ ಮಲ್ಲಿಗೆ ದಾರ, ಕೆಂಪು ಹಳದಿ ನೇರಳೆ ರಿಬ್ಬನ್ ಎಳೆಗಳು ಸುತ್ತಿಕೊಂಡಿದ್ದವು. ಕುಯ್ಯಲು ಬ್ಲೇಡ್ ತೆಗೆದಾಗ ಅಂಗಡಿಗೆ ಹಾಲಿನವನು ಬಂದ. ‘ಏನಣ್ಣ ಇದು, ಯಾವ ಜಾತ್ರೆಗೆ ಹೋಗಿದ್ರಿ?’ ಅಂದ. ಬೆಂಗಳೂರಿನದು ಅಂದೆ.

‘ಜೋರಾಗಿತ್ತಾ?’

‘ಜೋರಾಗಿತ್ತು. ಮುಂದಿನ ವರ್ಷ ಬಾ’ ಅಂದೆ. ಅವನು ಅರ್ಧ ಲೀಟರ್ ಇಟ್ಟು ಹೋದ.